ನಾಳೆಗೆ ಕಾದಿರಿಸದ ಬಾಳು: ವಚನಗಳಲ್ಲಿ ಕಾಲವಿವೇಕ

ನಮ್ಮ ನಾಡಿನ ಮನೆಮನೆಗಳಲ್ಲಿ ಇಂದು ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ದುಡಿಯುವ ವಯಸ್ಸಿನವರು ಹೊತ್ತೇ ಸಾಲದೆನ್ನುತ್ತಾರೆ. ದುಡಿಮೆಯಿಂದ ನಿವೃತ್ತರಾದವರು ಹೊತ್ತೇ ಹೋಗದೆನ್ನುತ್ತಾರೆ. ಇಬ್ಬರಿಗೂ ದಿನವೊಂದಕ್ಕೆ ದೊರೆಯುವುದು ಅವೇ 60 ಗಳಿಗೆಗಳು. ಒಬ್ಬರಿಗೆ ಕೊರತೆಯಾಗಿ ಇನ್ನೊಬ್ಬರಿಗೆ ಹೊರೆಯಾಗಿ ತೋರುವ ಈ ಕಾಲವನ್ನು ನಮ್ಮ ಶಿವಶರಣರು ಹೇಗೆ ಕಂಡರು, ಹೇಗೆ ಬಳಸಿದರು ಎಂಬುದನ್ನು ಕೆಲವು ವಚನಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ವಚನಗಳನ್ನು ಓದುವವರಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಶರಣರು ದೇಹವನ್ನೂ ಸಂಸಾರವನ್ನೂ ಕ್ಷಣಭಂಗುರವೆಂದು ಹಳಿದು ವೈರಾಗ್ಯವನ್ನು ಬೋಧಿಸಿದರೆಂಬುದು ಮೊದಲನೆಯದು. ಕಾಯಕವನ್ನು ಎತ್ತಿ ಹಿಡಿದ ಶರಣರು ಒಂದು ನಿಮಿಷವನ್ನೂ ಬಿಡದೆ ದುಡಿದು ಸಂಪಾದಿಸಬೇಕೆಂದು ಸಾರಿದರೆಂಬುದು ಎರಡನೆಯದು. ಈಚಿನ ಭಾಷಣಗಳಲ್ಲಿ ಇದು ಹೆಚ್ಚಾಗಿ ಕೇಳಿಬರುತ್ತಿದೆ. ಮೊದಲನೆಯ ಓದು ವಚನವನ್ನು ಮಸಣದ ಹಾಡಾಗಿಸುತ್ತದೆ. ಎರಡನೆಯದು ಅಂಗಡಿಯ ಲೆಕ್ಕವಾಗಿಸುತ್ತದೆ. ವಚನಗಳನ್ನು ಒಂದಕ್ಕೊಂದು ತಾಳೆನೋಡಿ ಓದಿದವರಿಗೆ ಈ ಎರಡೂ ಅರೆ ಓದುಗಳೆಂಬುದು ಮನದಟ್ಟಾಗದೆ ಇರದು. ಶರಣರು ಕೆಲಸದಲ್ಲಿ ಅವಸರವನ್ನು ಹೇಳಿದರು, ಗಳಿಕೆಯಲ್ಲಿ ಮಿತಿಯನ್ನು ಹೇಳಿದರು. ಇವೆರಡನ್ನೂ ಕೂಡಿಸಿ ನೋಡಿದಾಗಲೇ ಅವರ ಕಾಲವಿವೇಕ ಪೂರ್ಣವಾಗಿ ತೋರುತ್ತದೆ.

ಈ ವಿವೇಕದ ಹೊಸತನವನ್ನು ತಿಳಿಯಲು ಅದಕ್ಕೆ ಹಿಂದಿನ ಪರಂಪರೆಯನ್ನು ಒಮ್ಮೆ ನೆನೆಯಬೇಕು. ಕಾಳಿದಾಸನು ‘ರಘುವಂಶ’ದ ಆರಂಭದಲ್ಲಿ ರಘುಕುಲದ ಅರಸರನ್ನು ಹೊಗಳುವಾಗ ಅವರ ಬಾಳನ್ನು ನಾಲ್ಕು ಭಾಗವಾಗಿ ಹಂಚುತ್ತಾನೆ. ಬಾಲ್ಯ ವಿದ್ಯೆಗೆ, ಯೌವನ ಭೋಗಕ್ಕೆ, ಮುಪ್ಪು ಮುನಿವೃತ್ತಿಗೆ, ಕೊನೆಗಾಲ ಯೋಗದಿಂದ ದೇಹವನ್ನು ತ್ಯಜಿಸುವುದಕ್ಕೆ. ಆಶ್ರಮಧರ್ಮದ ಈ ಹಂಚಿಕೆ ಅಚ್ಚುಕಟ್ಟಾದುದೇ ಸರಿ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ. ಮನುಷ್ಯನಿಗೆ ನಾಲ್ಕೂ ಪಾಲು ದೊರೆತೇ ದೊರೆಯುತ್ತವೆ, ಪರಮಾರ್ಥಕ್ಕೆ ಕೊನೆಯ ಪಾಲು ಸಾಕು ಎಂಬುದೇ ಆ ಊಹೆ. ಅರಸುಮಕ್ಕಳಿಗೆ ಒಪ್ಪಬಹುದಾದ ಈ ಲೆಕ್ಕ ಹಗ್ಗ ಹೊಸೆಯುವವರಿಗೆ, ಅಕ್ಕಿ ಆಯುವವರಿಗೆ, ನೂಲು ತೆಗೆಯುವವರಿಗೆ ಒಪ್ಪುವುದು ಹೇಗೆ? ಅವರಿಗೆ ಭೋಗದ ಯೌವನವೂ ಇಲ್ಲ, ವನಕ್ಕೆ ತೆರಳುವ ವಿರಾಮದ ಮುಪ್ಪೂ ಇಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವದ ಮಾತಿಗೆ ನೆರೆದವರಲ್ಲಿ ಇಂಥವರು ಬಹುಮಂದಿ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಪೂಜೆಯ ಕಾಲ ಬದುಕಿನ ಒಂದು ತುದಿಯಲ್ಲಿ ಕಾದು ಕುಳಿತಿರುವುದಿಲ್ಲ. ಅದು ದಿನದಿನವೂ ಅಂಗೈಗೆ ಬರುತ್ತದೆ. ಹೀಗೆ ಶರಣಧರ್ಮವು ನಾಲ್ಕು ಆಶ್ರಮಗಳ ಕಾಲವಿಭಾಗವನ್ನು ಸದ್ದಿಲ್ಲದೆ ಕಳಚಿ, ಬಾಳಿನ ಎಲ್ಲ ಹೊಣೆಗಳನ್ನೂ ಒಂದೊಂದು ದಿನದೊಳಗೆ ತಂದಿಟ್ಟಿತು.

ಈ ಹಿನ್ನೆಲೆಯಲ್ಲಿ, ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಬಸವಣ್ಣನವರ ಒಂದು ವಚನವನ್ನು ಮೊದಲು ನೋಡೋಣ. ಕೂದಲು ನರೆತು, ಮೋರೆ ಸುಕ್ಕುಗಟ್ಟಿ, ದೇಹ ಎಲುಬಿನ ಹಂದರವಾಗುವುದಕ್ಕೆ ಮೊದಲೇ ದೇವರನ್ನು ಪೂಜಿಸೆಂದು ಹೇಳುವ ವಚನವದು. ಅದರಲ್ಲಿ ‘ಮುನ್ನ’ ಎಂಬ ನುಡಿ ಐದು ಸಲ ಬರುತ್ತದೆ. ಸಾಮಾನ್ಯವಾಗಿ ಇದನ್ನು ಸಾವಿನ ಭಯವನ್ನು ಹುಟ್ಟಿಸುವ ವಚನವೆಂದು ವ್ಯಾಖ್ಯಾನಿಸುವುದುಂಟು. ಆದರೆ ಆ ಐದು ‘ಮುನ್ನ’ಗಳನ್ನು ಎಣಿಸಿ ನೋಡಿದರೆ ಸಾವಿಗೆ ಸಂಬಂಧಿಸಿದುದು ಕೊನೆಯದೊಂದೇ. ಉಳಿದ ನಾಲ್ಕೂ ಶಕ್ತಿಯ ಮತ್ತು ಚೆಲುವಿನ ನಷ್ಟವನ್ನು ಕುರಿತವು: ಮೈ ಸೊರಗುವುದು, ಹಲ್ಲುದುರಿ ಬೆನ್ನು ಬಾಗಿ ಪರರ ಹಂಗಿಗೆ ಬೀಳುವುದು, ಊರುಗೋಲಿಲ್ಲದೆ ಏಳಲಾರದಂತಾಗುವುದು, ಮುಪ್ಪಿನಿಂದ ರೂಪು ಕೆಡುವುದು. ಬಸವಣ್ಣನವರ ಕಳವಳವಿರುವುದು ಪ್ರಾಣ ಹೋಗುವುದಕ್ಕಿಂತ ಹೆಚ್ಚಾಗಿ ಕೈಕಾಲುಗಳು ಕೆಲಸದಿಂದ ಜಾರುವುದರಲ್ಲಿ. ದೇಹವನ್ನು ಹೇಸಿಕೆಯೆಂದು ಹಳಿಯುವವನಿಗೆ ಅದು ಸೊರಗಿದರೆ ಏನು ನಷ್ಟ? ಅದರ ಕಸುವು ಇರುವಾಗಲೇ ಅದನ್ನು ಬಳಸಿಕೊಳ್ಳಬೇಕೆಂಬ ತವಕವೇ ದೇಹಕ್ಕೆ ಅವರು ಕೊಟ್ಟ ಬೆಲೆಗೆ ಸಾಕ್ಷಿ.

ಇದೇ ಬಗೆಯ ಭಾವ ಭರ್ತೃಹರಿಯ ‘ವೈರಾಗ್ಯಶತಕ’ದಲ್ಲಿಯೂ ಇದೆಯೆಂಬುದನ್ನು ಸಂಸ್ಕೃತ ಬಲ್ಲವರು ಅರಿಯದವರಲ್ಲ. ಶರೀರ ಆರೋಗ್ಯದಿಂದಿರುವಾಗ, ಮುಪ್ಪು ಇನ್ನೂ ದೂರದಲ್ಲಿರುವಾಗ, ಇಂದ್ರಿಯಗಳು ಕುಂದದಿರುವಾಗ ತಿಳಿದವನು ತನ್ನ ಶ್ರೇಯಸ್ಸಿಗೆ ಯತ್ನಿಸಬೇಕು. ಮನೆಗೆ ಕಿಚ್ಚು ಹತ್ತಿದ ಮೇಲೆ ಬಾವಿ ತೋಡಲು ಹೊರಡುವುದರಿಂದ ಫಲವೇನು ಎಂಬುದು ಅಲ್ಲಿಯ ತಾತ್ಪರ್ಯ. ಸಾಮ್ಯವನ್ನು ಕಂಡು ವಚನವು ಶ್ಲೋಕದ ಛಾಯೆಯೆಂದು ತೀರ್ಮಾನಿಸುವುದು ಆತುರವಾದೀತು. ಭರ್ತೃಹರಿಯಲ್ಲಿ ಇಲ್ಲದ ಒಂದು ಅಂಶ ಬಸವಣ್ಣನವರಲ್ಲಿದೆ. ಅದೇ ಪರರ ಹಂಗಿನ ಮಾತು. ಶ್ಲೋಕದ ಸಾಧಕನು ಒಬ್ಬಂಟಿ. ಅವನ ಮುಪ್ಪು ಅವನೊಬ್ಬನ ನಷ್ಟ. ವಚನದ ಭಕ್ತನು ದಾಸೋಹಿ. ನಾಲ್ವರಿಗೆ ನೀಡುತ್ತಿದ್ದ ಅವನ ಕೈ ಮುಪ್ಪಿನಲ್ಲಿ ಬೇಡುವ ಕೈಯಾಗುತ್ತದೆ. ಆದುದರಿಂದ ಇಲ್ಲಿಯ ಪೂಜೆಯೆಂಬ ಮಾತನ್ನು ಹೂಪತ್ರೆಗಳಿಗಷ್ಟೇ ಸೀಮಿತಗೊಳಿಸಲಾಗದು. ನೀಡಬಲ್ಲ ಕಾಲದಲ್ಲಿ ನೀಡು ಎಂಬ ಧ್ವನಿಯೂ ಅದರಲ್ಲಿ ಸೇರಿದೆ. ಶ್ಲೋಕವು ವಿದ್ವಾಂಸನನ್ನು ಹೆಸರಿಸಿ ವಿಧಿಸುತ್ತದೆ. ವಚನವು ಏಕವಚನದ ನೇರ ಕ್ರಿಯಾಪದದಿಂದ ಎದುರಿಗಿರುವ ಯಾರನ್ನಾದರೂ ಕರೆಯುತ್ತದೆ. ಹೇಳಿಕೊಳ್ಳುವವನು ತನಗೆ ತಾನೇ ಹೇಳಿಕೊಂಡರೂ ಅದು ಸಲ್ಲುತ್ತದೆ.

ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿದ ನನಗೆ ಈ ವಚನದ ಪಾಠದಲ್ಲಿ ಪ್ರತಿವರ್ಷವೂ ಒಂದು ಅನುಭವವಾಗುತ್ತಿತ್ತು. ಮುಪ್ಪಿನ ವರ್ಣನೆ ಬಂದೊಡನೆ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಎದ್ದುನಿಂತು, “ಸರ, ಇದು ನಮ್ಮ ಮುತ್ಯಾಗ ಹೇಳಿದ್ದಲ್ರೀ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ವಚನವನ್ನು ಇನ್ನೊಮ್ಮೆ ಓದಿಸಿ, “ನಿಮ್ಮ ಮುತ್ಯಾಗ ಇದರೊಳಗಿಂದು ಎಷ್ಟು ಆಗಿ ಹೋಗ್ಯಾವ, ನಿನಗ ಎಷ್ಟು ಆಗಿಲ್ಲ, ಲೆಕ್ಕ ಹಾಕು” ಎಂದೆ. ಅವನು ಬೆರಳು ಮಡಿಸಿ ಎಣಿಸಿ, ತನಗೆ ಒಂದೂ ಆಗಿಲ್ಲವೆಂದ. ಐದಕ್ಕೆ ಐದೂ ಉಳಿದಿದ್ದುದು ಆ ಹುಡುಗನಿಗೇ. ವಚನದ ನಿಜವಾದ ಸಂಬೋಧ್ಯ ಯಾರೆಂಬುದನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಬಗೆ ನನಗೆ ಇಂದಿಗೂ ಹೊಳೆದಿಲ್ಲ. ಭಕ್ತಿ, ವಚನಪಠಣ, ಶರಣಸಂಗ ಇವೆಲ್ಲ ನಿವೃತ್ತಿಯ ಬಳಿಕ ನೋಡಿಕೊಳ್ಳಬಹುದಾದ ಕೆಲಸಗಳೆಂದು ಮುಂದಕ್ಕೆ ತಳ್ಳುವ ವಾಡಿಕೆ ನಮ್ಮ ಸಮಾಜದಲ್ಲಿ ಬಲವಾಗಿದೆ. ಮಠಗಳ ಪುರಾಣ ಪ್ರವಚನಗಳಲ್ಲಿ ಮುಂದಿನ ಸಾಲುಗಳು ನರೆತ ತಲೆಗಳಿಂದಲೇ ತುಂಬಿರುವುದಕ್ಕೆ ಇದೇ ಕಾರಣ. ಯಾವ ವಚನವು ಈ ವಾಡಿಕೆಯನ್ನು ಮುರಿಯಲು ಹುಟ್ಟಿತೋ ಅದನ್ನೇ ನಾವು ಮುಪ್ಪಿನ ವಚನವೆಂದು ಮುದುಕರಿಗೆ ಬಿಟ್ಟುಕೊಟ್ಟಿದ್ದೇವೆ.

ಕಾಲವನ್ನು ಮುಂದೂಡಲು ಮನುಷ್ಯನಿಗೆ ಸಿಗುವ ಇನ್ನೊಂದು ನೆಪ ಪಂಚಾಂಗ. ಒಳ್ಳೆಯ ದಿನ ಬರಲಿ, ಒಳ್ಳೆಯ ಗಳಿಗೆ ಕೂಡಿಬರಲಿ ಎಂದು ಕಾಯುವುದು. ಬಸವಣ್ಣನವರ ಇನ್ನೊಂದು ವಚನ ಈ ನೆಪವನ್ನು ಬಹಳ ಸೊಗಸಾಗಿ ಬಿಡಿಸುತ್ತದೆ. ತಮ್ಮವರು ಬಂದು ಮುಹೂರ್ತ ಕೇಳಿದರೆ ಲಗ್ನವು ಶುಭವೇ ಆಗಿದೆಯೆಂದು, ರಾಶಿ ಗಣಗಳು ಕೂಡಿವೆಯೆಂದು, ಚಂದ್ರ ತಾರೆಗಳ ಬಲ ಇದೆಯೆಂದು ಹೇಳಿಬಿಡಿರೆಂದು ಅವರು ಜೋಯಿಸರನ್ನೇ ಕೇಳಿಕೊಳ್ಳುತ್ತಾರೆ. ನಾಳೆಗಿಂತ ಈ ದಿನವೇ ಮೇಲು ಎಂಬುದು ಅವರು ಹೇಳಿಸುವ ಕೊನೆಯ ಮಾತು. ಹಾಗೆ ಹೇಳಿದವರಿಗೆ ದೇವಪೂಜೆಯ ಪುಣ್ಯ ಸಲ್ಲಲೆಂದೂ ಸೇರಿಸುತ್ತಾರೆ. ಇಲ್ಲಿಯ ವಿನೋದವನ್ನು ಗಮನಿಸಬೇಕು. ಜ್ಯೋತಿಷ್ಯವನ್ನು ಖಂಡಿಸುವ ಬಿರುನುಡಿ ಇಲ್ಲಿ ಒಂದೂ ಇಲ್ಲ. ಜ್ಯೋತಿಷ್ಯದ ಪರಿಭಾಷೆಯನ್ನೇ ತುಂಬಿಕೊಂಡು, ಅದರ ಎಲ್ಲ ಉತ್ತರಗಳೂ ‘ಇಂದು’ ಎಂದೇ ಬರುವಂತೆ ಮಾಡಿದ್ದಾರೆ. ಯಾವ ದಿನ ಕೇಳಿದರೂ ಅಂದೇ ಶುಭದಿನವಾಗುವ ಪಂಚಾಂಗಕ್ಕೆ ಪುಟಗಳ ಅಗತ್ಯವೇ ಉಳಿಯುವುದಿಲ್ಲ. ವಾರ ತಿಥಿಗಳ ಹೆಚ್ಚುಗಾರಿಕೆಯನ್ನು ಅಲ್ಲಗಳೆದ ಶರಣರು ಅನೇಕರಿದ್ದರೂ ಕರುಣೆ ವಿನೋದಗಳೆರಡನ್ನೂ ಬೆರೆಸಿ ಹೇಳಿದ ಈ ವಚನಕ್ಕೆ ಸಾಟಿಯಾದವು ವಿರಳ.

ಇಷ್ಟಾದರೂ, ಇಂದೇ ಮೇಲೆಂದು ಒಪ್ಪಿದವನು ಇಂದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಉಳಿಯುತ್ತದೆ. ಸಿಕ್ಕಷ್ಟನ್ನು ಉಂಡು ಉಟ್ಟು ಸುಖಿಸುವುದೇ ಬಾಳಿನ ಸಾರ್ಥಕ್ಯವೆಂದು ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇದಕ್ಕೆ ಬಸವಣ್ಣನವರು ಕೊಟ್ಟ ಉತ್ತರ ಹಬ್ಬದ ಬಲಿಗಾಗಿ ತಂದ ಕುರಿಯ ವಚನ. ತನ್ನ ಕೊರಳಿಗೆ ಕತ್ತಿ ಬರುವುದೆಂಬುದನ್ನು ಅರಿಯದ ಆ ಪ್ರಾಣಿ ತೋರಣಕ್ಕಾಗಿ ತಂದ ಚಿಗುರನ್ನು ಮೇಯುತ್ತಿದೆ. ಮೇಲ್ನೋಟಕ್ಕೆ ಅದೂ ‘ಇಂದಿನ’ ಬಾಳನ್ನೇ ಬಾಳುತ್ತಿದೆ. ನಾಳೆಯ ಚಿಂತೆ ಅದಕ್ಕಿಲ್ಲ. ಹಾಗಾದರೆ ಅದರ ಕೊರತೆಯೇನು? ಅದು ಚಿಂತೆಯನ್ನು ಬಿಟ್ಟದ್ದು ಅರಿವಿನಿಂದಲ್ಲ, ಅರಿಯದುದರಿಂದ. ವಚನವು ಇಲ್ಲಿಗೆ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಆದರೆ ಕೊನೆಯಲ್ಲಿ ಬಸವಣ್ಣನವರು ಕುರಿಯನ್ನು ಬಿಟ್ಟು ಕೊಂದವರ ಕಡೆಗೆ ತಿರುಗಿ, ಅವರಾದರೂ ಉಳಿದರೇ ಎಂದು ಕೇಳುತ್ತಾರೆ. ಆವರೆಗೆ ಕುರಿಯ ಅವಿವೇಕಕ್ಕೆ ಮರುಗುತ್ತಿದ್ದ ಓದುಗನು ಒಮ್ಮೆಲೆ ಕತ್ತಿ ಹಿಡಿದವರ ಸಾಲಿನಲ್ಲಿ ತನ್ನನ್ನು ಕಾಣುತ್ತಾನೆ. ಹಬ್ಬ ಮಾಡುವವನೂ ಹಬ್ಬಕ್ಕೆ ಬಂದ ಕುರಿಯೂ ಒಂದೇ ಕಾಲದ ಕೈಯಲ್ಲಿದ್ದಾರೆ. ತಳಿರನ್ನು ಮೇಯುವುದು ತಪ್ಪೆಂದು ವಚನ ಹೇಳುತ್ತಿಲ್ಲ. ಮೇಯುವುದೊಂದೇ ಬಾಳೆಂದು ತಿಳಿದವನ ಮರವೆಯನ್ನು ಅದು ತೋರಿಸುತ್ತಿದೆ.

ಈ ಮರವೆಗೆ ಗಡಿಯಾರದ ಲೆಕ್ಕವನ್ನೇ ಕೊಟ್ಟವರು ಅಕ್ಕಮಹಾದೇವಿಯವರು. ಹಗಲಿಗೆ ನಾಲ್ಕು ಜಾವ, ಇರುಳಿಗೆ ನಾಲ್ಕು ಜಾವ. ಒಂದು ಜಾವಕ್ಕೆ ಏಳೂವರೆ ಗಳಿಗೆ, ಎಂದರೆ ಇಂದಿನ ಮೂರು ಗಂಟೆ. ಹಗಲಿನ ನಾಲ್ಕು ಜಾವವೂ ಅನ್ನದ ಕುದಿತಕ್ಕೆ ಸಲ್ಲುತ್ತದೆ, ಇರುಳಿನ ನಾಲ್ಕು ಜಾವವೂ ವಿಷಯದ ಕುದಿತಕ್ಕೆ ಸಲ್ಲುತ್ತದೆ ಎಂದು ಅಕ್ಕ ಎಣಿಸಿ ಹೇಳುವಾಗ ಎಂಟು ಜಾವಗಳಲ್ಲಿ ಒಂದೂ ಮಿಗುವುದಿಲ್ಲ. ಇದಕ್ಕೆ ಅವರು ಕೊಡುವ ಉಪಮೆ ನೀರಿನ ನಡುವೆಯೇ ನಿಂತು ಬಾಯಾರಿ ಸತ್ತ ಅಗಸನದು. ಉಪಮೆ ಎಷ್ಟು ಬಿಗಿಯಾಗಿದೆಯೆಂಬುದನ್ನು ವಿದ್ಯಾರ್ಥಿಗಳು ಗುರುತಿಸಬೇಕು. ಅಗಸನಿಗೆ ನೀರು ದೂರವಿಲ್ಲ, ಅವನು ಸೋಮಾರಿಯೂ ಅಲ್ಲ. ದಿನವಿಡೀ ನೀರಿನಲ್ಲಿಯೇ ದುಡಿಯುತ್ತಾನೆ. ಆ ದುಡಿಮೆಯ ಭರದಲ್ಲಿ ಬಗ್ಗಿ ಒಂದು ಬೊಗಸೆ ಕುಡಿಯಲು ಮರೆಯುತ್ತಾನೆ. ತಮ್ಮೊಳಗಿನ ಮಹಾಘನವನ್ನು ಅರಿಯದವರ ಸ್ಥಿತಿಯೂ ಇದೇ. ಹೊತ್ತೇ ಸಾಲದೆಂದು ದೂರುವ ಇಂದಿನ ದುಡಿಮೆಗಾರನಿಗೆ ಇದಕ್ಕಿಂತ ಹೊಂದುವ ಕನ್ನಡಿ ಬೇರೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ದಿನವಿಡೀ ದುಡಿಯುವುದನ್ನು ಅಕ್ಕ ಕುದಿತವೆಂದರೆ, ಕಾಯಕವನ್ನು ಹೊಗಳಿದ ಶರಣರ ಮಾತಿಗೆ ಇದು ವಿರುದ್ಧವಾಗಲಿಲ್ಲವೇ? ಆಯ್ದಕ್ಕಿ ಮಾರಯ್ಯನವರು ಕಾಯಕದಲ್ಲಿ ತೊಡಗಿದವನು ಗುರುದರ್ಶನ ಲಿಂಗಪೂಜೆಗಳನ್ನು ಮರೆತರೂ, ಜಂಗಮವು ಎದುರಿಗೆ ಬಂದು ನಿಂತರೂ ಕೈಬಿಡಬಾರದೆಂದು ಹೇಳಿಲ್ಲವೇ? ನುಲಿಯ ಚಂದಯ್ಯನವರ ಕಥೆಯೂ ಇದನ್ನೇ ಸಾರುತ್ತದೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸದೆ ಹುಲ್ಲಿನ ಹೊರೆ ಹೊತ್ತು ನಡೆದರೆಂದು ಪ್ರಸಿದ್ಧಿ. ಈ ಪ್ರಸಂಗಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡವರು, ಶರಣಧರ್ಮವೆಂದರೆ ಬಿಡುವಿಲ್ಲದ ದುಡಿಮೆಯ ಧರ್ಮವೆಂದು ಸಾರುತ್ತಾರೆ.

ಆಕ್ಷೇಪಕ್ಕೆ ಸಮಾಧಾನವನ್ನು ಹೊರಗೆ ಹುಡುಕಬೇಕಾಗಿಲ್ಲ. ಅದೇ ಮಾರಯ್ಯನವರ ಮನೆಯಲ್ಲಿದೆ. ಗೂಳೂರ ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿ ಬರುವ ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಲಕ್ಕಮ್ಮನವರು ಗಂಡನಿಗೆ ಎರಡು ಮಾತು ಹೇಳುತ್ತಾರೆ. ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರುತ್ತಿದೆ, ಬೇಗ ಹೋಗು ಎಂದು ಎಚ್ಚರಿಸುವುದು ಮೊದಲನೆಯದು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಇದು ನಮ್ಮದಲ್ಲ, ತಂದಲ್ಲಿಯೇ ಹಾಕಿ ಬಾ ಎಂದು ಹಿಂದಕ್ಕೆ ಕಳಿಸುವುದು ಎರಡನೆಯದು. ಬೇಗ ಹೋಗು ಎಂದವರೂ ಅವರೇ, ಹೆಚ್ಚು ತರಬೇಡ ಎಂದವರೂ ಅವರೇ. ಮೊದಲನೆಯ ಮಾತು ಕಾಲಕ್ಕೆ ಸಂಬಂಧಿಸಿದ್ದು, ಎರಡನೆಯದು ಗಳಿಕೆಗೆ ಸಂಬಂಧಿಸಿದ್ದು. ಬೇಗ ಹೋದವನು ಹೆಚ್ಚು ತರುವುದು ಲೋಕರೂಢಿ. ಬೇಗ ಹೋಗುವುದೇ ಹೆಚ್ಚು ತರುವುದಕ್ಕಾಗಿ ಎಂಬುದು ಇಂದಿನ ರೂಢಿ. ಲಕ್ಕಮ್ಮನವರು ಈ ಎರಡರ ನಂಟನ್ನೇ ಕತ್ತರಿಸಿದರು. ಕಾಯಕವನ್ನು ಹೊತ್ತು ಮೀರದೆ ಮಾಡಬೇಕು. ಏಕೆಂದರೆ ಅಂದಿನ ದಾಸೋಹ ಅಂದೇ ನಡೆಯಬೇಕು. ಹೆಚ್ಚನ್ನು ತರಬಾರದು, ಏಕೆಂದರೆ ಅದು ನಾಳೆಯ ಆಸೆಯನ್ನು ಮನೆಯೊಳಗೆ ಕರೆತರುತ್ತದೆ. ಅಕ್ಕ ಕುದಿತವೆಂದು ಕರೆದದ್ದು ಈ ಆಸೆಯನ್ನು. ಮಾರಯ್ಯನವರು ಹೊಗಳಿದ್ದು ಆಸೆ ಕಳಚಿದ ದುಡಿಮೆಯನ್ನು. ಇಬ್ಬರಲ್ಲಿ ವಿರೋಧವಿಲ್ಲ.

ಈ ನೆಲೆಯಿಂದ ನೋಡಿದಾಗ ಬಸವಣ್ಣನವರ ಮತ್ತೊಂದು ಪ್ರಸಿದ್ಧ ವಚನದ ಅರ್ಥವೂ ಬೆಳಗುತ್ತದೆ. ಚಿನ್ನದ ಒಂದು ಒರೆಯನ್ನಾಗಲಿ, ಬಟ್ಟೆಯ ಒಂದು ನೂಲನ್ನಾಗಲಿ, ಅನ್ನದ ಒಂದು ಕಾಳನ್ನಾಗಲಿ ಇಂದಿಗೋ ನಾಳೆಗೋ ಇರಲೆಂದು ತನಗಾಗಿ ಬಯಸೆನೆಂದು ಅವರು ಆಣೆಯಿಟ್ಟು ಹೇಳುತ್ತಾರೆ. ಬೀಜಕ್ಕೆಂದು ಜೋಳವನ್ನು ಹಗೇವಿನಲ್ಲಿ ಕಾಪಿಡುವ ಒಕ್ಕಲಿಗನು ಈ ಮಾತನ್ನು ಪಾಲಿಸಲು ಸಾಧ್ಯವೇ ಎಂದು ಕೇಳಬಹುದು. ಮಾತನಾಡುತ್ತಿರುವವರು ಯಾರೆಂಬುದನ್ನು ಮರೆಯಬಾರದು. ಅವರು ಬಿಜ್ಜಳನ ಭಂಡಾರಿ. ಇಂದಿಗೆ ನಾಳೆಗೆ ಬೇಕಾದುದನ್ನು ಲೆಕ್ಕವಿಟ್ಟು ಕಾಯುವುದೇ ಅವರ ಉದ್ಯೋಗ. ಅವರು ಬೇಡವೆಂದುದು ಸಂಗ್ರಹವನ್ನಲ್ಲ, ಸಂಗ್ರಹದಲ್ಲಿ ತನ್ನದೊಂದು ಪಾಲನ್ನು ಬಚ್ಚಿಡುವ ಮನಸ್ಸನ್ನು. ಹೊನ್ನಿಗೆ ಸಲ್ಲುವ ಈ ಮಾತು ಹೊತ್ತಿಗೂ ಸಲ್ಲುತ್ತದೆ. ನಮ್ಮ ಒಳ್ಳೆಯತನದ ಒಂದು ಭಾಗವನ್ನು, ಓದಬೇಕೆಂದಿರುವ ಗ್ರಂಥವನ್ನು, ಮಾತು ಬಿಟ್ಟ ದಾಯಾದಿಯೊಡನೆ ಆಡಬೇಕೆಂದಿರುವ ಒಂದು ಮಾತನ್ನು ನಾವು ಮುಂದಿನ ಯಾವುದೋ ದಿನಕ್ಕೆಂದು ಬಚ್ಚಿಟ್ಟುಕೊಂಡಿರುತ್ತೇವೆ. ಹೊನ್ನಾದರೆ ಬಚ್ಚಿಟ್ಟಲ್ಲಿ ಇದ್ದೀತು. ಬಚ್ಚಿಟ್ಟ ಹೊತ್ತು ಇರುವುದಿಲ್ಲ.

ಹೀಗೆ ಏನನ್ನೂ ಉಳಿಸಿಕೊಳ್ಳದವನಿಗೆ ದೊರೆಯುವ ಫಲ ನಿರ್ಭಯ. ನಾಳೆ ಬರಲಿರುವ ಆಪತ್ತು ಇಂದೇ ಬರಲಿ, ಇಂದಿನದು ಈ ಗಳಿಗೆಯಲ್ಲೇ ಬರಲಿ, ಅಂಜುವವರು ಯಾರು ಎಂಬ ಅರ್ಥದ ಬಸವಣ್ಣನವರ ವಚನವನ್ನು ಅನೇಕರು ವೀರವಾಣಿಯೆಂದು ಪ್ರತ್ಯೇಕವಾಗಿ ಉದ್ಧರಿಸುತ್ತಾರೆ. ಮುಪ್ಪಿನ ವಚನದ ಅವಸರವೂ ಈ ವಚನದ ಧೈರ್ಯವೂ ಒಂದೇ ನಾಣ್ಯದ ಎರಡು ಮುಖಗಳೆಂಬುದು ನನ್ನ ಅಭಿಪ್ರಾಯ. ಇಂದಿನ ಕೆಲಸವನ್ನು ಇಂದೇ ಮುಗಿಸಿದವನು ಮಾತ್ರ ನಾಳೆಯ ಸಾವನ್ನು ಇಂದೇ ಬರಮಾಡಿಕೊಳ್ಳಬಲ್ಲ. ಬಾಕಿಯಿಟ್ಟವನಿಗೆ ಆ ಮಾತು ಬಾಯಿಗೆ ಬಾರದು. 1167-68ರ ಸುಮಾರಿಗೆ ಕಲ್ಯಾಣದ ಶರಣಸಂಕುಲ ಚದುರಿಹೋದುದನ್ನು ನೆನೆದರೆ ಇದರ ಸತ್ಯ ತಿಳಿದೀತು. ಆ ಮಹಾಮನೆಗೆ ದೀರ್ಘಕಾಲ ದೊರೆಯಲಿಲ್ಲ. ದೊರೆತ ಕೆಲವೇ ವರ್ಷಗಳಲ್ಲಿ ಅವರು ಆಡಿದ ಮಾತು ಎಂಟು ಶತಮಾನಗಳಿಗೆ ಸಾಕಾಯಿತು.

ಈ ವಿಚಾರಧಾರೆಯ ಶಿಖರ ಅಲ್ಲಮಪ್ರಭುದೇವರದು. ಗತಿಸಿದ ಕೊನೆಯಿಲ್ಲದ ಕಾಲವೂ ಬರಲಿರುವ ಕೊನೆಯಿಲ್ಲದ ಕಾಲವೂ ಒಂದೇ ದಿನದ ಒಡಲಲ್ಲಿ ಅಡಗಿವೆ. ಆ ಒಂದು ದಿನವನ್ನೂ ತನ್ನೊಳಗೆ ಇಂಬಿಟ್ಟುಕೊಂಡು ಮಾತನಾಡುವ ಮಹಂತನನ್ನು ಬಲ್ಲವರು ಯಾರು ಎಂದು ಅವರು ಕೇಳುತ್ತಾರೆ. ಬೆಡಗಿನಂತೆ ತೋರುವ ಈ ಮಾತನ್ನು ಇದುವರೆಗೆ ಹೇಳಿದುದರ ಮುಂದಿಟ್ಟು ಓದಿದರೆ ಬಿಡಿಸಲು ಕಷ್ಟವಾಗದು. ಹಿಂದಿನದು ಇಂದಿಗೆ ಬಂದುದು ನೆನಪಾಗಿ, ಸಂಸ್ಕಾರವಾಗಿ. ಮುಂದಿನದು ಇಂದಿನಲ್ಲಿ ಇರುವುದು ಬೀಜವಾಗಿ. ಎರಡನ್ನೂ ಮುಟ್ಟಲು ನಮಗಿರುವ ಬಾಗಿಲು ಇಂದೊಂದೇ. ಬಸವಣ್ಣನವರು ಕಾಲವನ್ನು ದಾಸೋಹದ ನೆಲೆಯಿಂದ, ಲಕ್ಕಮ್ಮನವರು ಕಾಯಕದ ನೆಲೆಯಿಂದ ನೋಡಿದರು. ಪ್ರಭುದೇವರು ಅದನ್ನು ಅರಿವಿನ ನೆಲೆಗೆ ಏರಿಸಿದರು. ಅಲ್ಲಿ ಮನುಷ್ಯನು ದಿನದೊಳಗೆ ಇರುವುದಿಲ್ಲ. ದಿನವೇ ಅವನೊಳಗೆ ಇರುತ್ತದೆ.

ಇಂಥ ಮಾತು ಶರಣರ ಕಾಲಕ್ಕೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಈ ವಚನಗಳನ್ನು ನಾವಿಂದು ಕೈಯಲ್ಲಿ ಹಿಡಿದು ಓದುತ್ತಿರುವುದಕ್ಕೆ ‘ಮುನ್ನ’ ಎಂಬ ಆ ನುಡಿಯನ್ನು ಬಾಳಿನಲ್ಲಿ ತಂದುಕೊಂಡ ಒಬ್ಬರೇ ಮುಖ್ಯ ಕಾರಣ. ಫ. ಗು. ಹಳಕಟ್ಟಿಯವರು (1880-1964) ವೃತ್ತಿಯಿಂದ ಬಿಜಾಪುರದ ವಕೀಲರು. ವಕೀಲಿ ಚೆನ್ನಾಗಿ ನಡೆಯುವ ವಯಸ್ಸಿನಲ್ಲಿಯೇ ಅವರು ಊರೂರು ತಿರುಗಿ ಮನೆಗಳ ಅಟ್ಟದಲ್ಲಿ, ಜಗುಲಿಯ ಗೂಡಿನಲ್ಲಿ ಹುಳು ತಿನ್ನುತ್ತಿದ್ದ ತಾಳೆಯೋಲೆಯ ಕಟ್ಟುಗಳನ್ನು ಕಲೆಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಅಚ್ಚಿನ ಕೆಲಸಕ್ಕೆಂದು ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯಿಂದ ನಿವೃತ್ತನಾಗಿ ಬಿಡುವಿನಲ್ಲಿ ಈ ಕೆಲಸ ಮಾಡುವೆನೆಂದು ಅವರು ಕಾದಿದ್ದರೆ, ಓಲೆಗಳನ್ನು ತಿನ್ನುತ್ತಿದ್ದ ಹುಳು ಕಾಯುತ್ತಿರಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ ಬುಡದಲ್ಲಿ ಇಂಥ ಹಿರಿಯರು ನಾಳೆಗೆ ತಳ್ಳದೆ ದುಡಿದ ದಿನಗಳಿವೆ. ಅವರ ಗಳಿಕೆಯಾದರೂ ಏನು? ಲಕ್ಕಮ್ಮನವರು ಒಪ್ಪುವಷ್ಟೇ: ಅಂದಂದಿನ ಕೆಲಸಕ್ಕೆ ಬೇಕಾದಷ್ಟು.

ಕಡೆಯಲ್ಲಿ, ನನ್ನಂತೆ ಅರುವತ್ತನ್ನು ದಾಟಿದ ವಾಚಕರಿಗೆ ಒಂದು ಮಾತು. ಮುಪ್ಪಿನ ವಚನವನ್ನು ತಮ್ಮ ಪಾಲಿಗೆ ತಡವಾಗಿ ಬಂದ ಉಪದೇಶವೆಂದು ಭಾವಿಸಿ ಕೊರಗುವವರನ್ನು ನಾನು ಕಂಡಿದ್ದೇನೆ. ನರೆ ಬಂದಾಯಿತು, ಹಲ್ಲು ಹೋದಾಯಿತು, ಕೋಲನ್ನೂ ಹಿಡಿದಾಯಿತು, ಇನ್ನೇನು ಉಳಿಯಿತು ಎನ್ನುತ್ತಾರೆ. ವಚನದ ಕಟ್ಟಣೆಯನ್ನು ಇನ್ನೊಮ್ಮೆ ನೋಡಬೇಕು. ಬಸವಣ್ಣನವರು ಒಂದೇ ‘ಮುನ್ನ’ವನ್ನು ಹೇಳಿ ಬಾಗಿಲು ಮುಚ್ಚಲಿಲ್ಲ. ಒಂದು ತಪ್ಪಿದರೆ ಇನ್ನೊಂದು ಇರಲೆಂಬಂತೆ ಐದನ್ನು ಒಂದರ ಹಿಂದೊಂದು ಇಟ್ಟರು. ಮೊದಲ ನಾಲ್ಕು ನಮ್ಮನ್ನು ದಾಟಿ ಹೋಗಿರಬಹುದು. ಐದನೆಯದು ಇನ್ನೂ ನಮ್ಮದೇ. ಕಾಲು ನಡೆಯದಿದ್ದರೆ ಕಣ್ಣಿದೆ, ಕಣ್ಣು ಕಾಣದಿದ್ದರೆ ನಾಲಗೆಯಿದೆ. ಮನೆಯ ಮೊಮ್ಮಗುವಿಗೆ ದಿನಕ್ಕೊಂದು ವಚನವನ್ನು ಹೇಳಿಕೊಡುವ ಕಾಯಕಕ್ಕೆ ಊರುಗೋಲು ಅಡ್ಡಬರುವುದಿಲ್ಲ. ತರುಣ ವಿದ್ಯಾರ್ಥಿಗಳಾದರೋ ಐದನ್ನೂ ಕೈಯಲ್ಲಿಟ್ಟುಕೊಂಡಿರುವ ಸಿರಿವಂತರು. ಅವರು ಈ ವಚನಗಳನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಕಾದಿರಿಸದೆ, ಇಂದಿನ ಸಂಜೆಯೇ ಒಂದನ್ನು ಬಿಡಿಸಿ ಓದಿ ಅದರ ಅರ್ಥವನ್ನು ತಾವಾಗಿಯೇ ಹುಡುಕಲು ತೊಡಗಿದರೆ ಈ ಬರಹದ ಶ್ರಮ ಸಾರ್ಥಕವಾದಂತೆ.